ಸದ್ದಡಗಿಸುವ ಹಾಳೆ

ಹದಿಮೂರು ದಿನವೂ ನಾಲ್ಕು ಲೀಟರಿನಂತೆ ಬರುತ್ತಿದ್ದ ಹಾಲು ಹದಿನಾಲ್ಕನೆಯ ಬೆಳಿಗ್ಗೆಯೂ ನಾಲ್ಕು ಲೀಟರೇ ಬಂತು. ಸಾಕು ಎಂದು ಹೇಳಬೇಕೆಂಬುದು ಯಾರಿಗೂ ಹೊಳೆದಿರಲಿಲ್ಲ. ನೆಂಟರೆಲ್ಲ ಹಿಂದಿನ ಸಂಜೆ ಮಣಿನಗರ ಸ್ಟೇಷನ್ನಿನಲ್ಲಿ ರೈಲು ಹತ್ತಿದ್ದರು. ಅತ್ತೆ ಸೀತಮ್ಮನವರನ್ನು ಮೈದುನ ಮಯೂರ್ ತನ್ನ ಜೊತೆ ಸೂರತ್ತಿಗೆ ಕರೆದೊಯ್ದಿದ್ದ. ಬಾಗಿಲ ಹಿಡಿಕೆಗೆ ನೇತುಬಿದ್ದಿದ್ದ ಚೀಲದಿಂದ ಚಿನ್ಮಯಿ ಎಂಟು ಪ್ಯಾಕೆಟ್ಟುಗಳನ್ನು ತೆಗೆದು ಅಡುಗೆಕಟ್ಟೆಯ ಮೇಲೆ ಸಾಲಾಗಿ ಮಲಗಿಸಿದಳು. ಇಷ್ಟು ಹಾಲನ್ನು ಒಬ್ಬಳೇ ಏನು ಮಾಡುವುದು ಎಂದು ಯೋಚಿಸಿದಳು. ಅದೇ ಆ ದಿನದ ಮೊದಲ ಯೋಚನೆಯಾಗಿತ್ತು ಎಂಬುದು ಸ್ವಲ್ಪ ಹೊತ್ತಿನ ಮೇಲೆ ಗಮನಕ್ಕೆ ಬಂದಾಗ ಅವಳಿಗೆ ನಾಚಿಕೆಯಾಯಿತು. ನಡುಮನೆಗೆ ಬಂದು ಕಾರಿನ ಹಿಂದಿನ ಸೀಟಿನ ಮೇಲೆ ಕುಳಿತಳು.

ಆ ಸೀಟು ನಡುಮನೆಗೆ ಬಂದು ಇವತ್ತಿಗೆ ಎರಡು ವಾರ. ಗಂಡ ಗುರುಕಿರಣ್ ಒಂದು ಭಾನುವಾರ ಬೆಳಿಗ್ಗೆ ಅದನ್ನು ಕಾರಿನಿಂದ ಬಿಚ್ಚಿ, ವಾಚ್‌ಮನ್ನಿನ ಜೊತೆ ಎರಡು ಮಹಡಿ ಹತ್ತಿಸಿ, ಗೋಡೆಗೆ ಒರಗಿಸಿಟ್ಟಿದ್ದ. ಮುಂದಿನ ಎರಡು ಸೀಟುಗಳು ಬಾಲ್ಕನಿಯಲ್ಲಿ ಒಂದಕ್ಕೊಂದು ಮುಖ ಮಾಡಿಕೊಂಡು, ಜಗಳವಾಡಿ ಸುಮ್ಮನಾದವರ ಹಾಗೆ ನಿಂತಿದ್ದವು. ಸೋಮವಾರ ಅವನು ಕೆಲಸಕ್ಕೆ ಸ್ಕೂಟರಿನಲ್ಲಿ ಹೋದ. ಆಮೇಲೆ ಬಂದವರಿಗೆ ಕೂರಲು ಮನೆಯಲ್ಲಿ ಅಷ್ಟು ಕುರ್ಚಿಗಳಿರಲಿಲ್ಲ. ಯಾರೋ ಸೀಟನ್ನು ನೆಲಕ್ಕಿಳಿಸಿದರು, ಸೀತಮ್ಮ ಅದರ ಮೇಲೊಂದು ಬಿಳಿ ಪಂಚೆ ಹಾಸಿದರು. ಹದಿಮೂರು ದಿನ ದುಃಖ ಹೇಳಲು ಬಂದವರೆಲ್ಲ ಅದರ ಮೇಲೆ ಮೂವರು ಮೂವರಾಗಿ, ಎಲ್ಲಿಗೋ ಪ್ರಯಾಣ ಹೊರಟವರ ಹಾಗೆ, ಗೋಡೆಯ ಕಡೆ ನೋಡುತ್ತ ಕುಳಿತು ಎದ್ದು ಹೋದರು. ಫ್ಯಾಕ್ಟರಿಯ ಮ್ಯಾನೇಜರು ಮಾತಿನ ನಡುವೆ ಮೈಮರೆತು ಸೀಟ್ ಬೆಲ್ಟಿನ ಕೊಂಡಿಯನ್ನು ಎರಡು ಸಲ ಬೆರಳಿನಿಂದ ತಟ್ಟಿದ್ದರು. ಅವಳಿಗೆ ನಗು ಬಂದಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡಾಗ ಪಕ್ಕದಲ್ಲಿದ್ದವರು ಅವಳ ಬೆನ್ನು ಸವರಿದರು.

ಹೋಗುವಾಗ ಮಯೂರ್ ಹೇಳಿದ್ದ: "ಅತ್ತಿಗೆ, ಆ ಕಾರು ಹಂಗೇ ಇರ್ಲಿ, ನೀವು ಮುಟ್ಟಕ್ಕೆ ಹೋಗ್ಬೇಡಿ. ಮುಂದಿನ ಭಾನುವಾರ ಸೂರತ್ತಿಂದ ಒಬ್ಬನ್ನ ಕರ್ಕೊಂಡು ಬರ್ತೀನಿ. ಗುಜರಿಗೆ ಎತ್ಕೊಂಡು ಹೋಗ್ತಾನೆ. ಕಣ್ಮುಂದೆ ಯಾಕೆ ಇರ್ಬೇಕು ಅದು?" ಅವಳು ಹೂಂ ಎಂದಿದ್ದಳು. ಹದಿಮೂರು ದಿನದಲ್ಲಿ ಅವಳು ಎಲ್ಲದಕ್ಕೂ ಹೂಂ ಎಂದಿದ್ದಳು. ಮಾತು ಬೇಕಾಗಿದ್ದ ಒಂದೇ ಒಂದು ಸಲ ಮಾತ್ರ ಅದೂ ಬರಲಿಲ್ಲ. ಐದನೆಯ ದಿನವೋ ಆರನೆಯ ದಿನವೋ, ಸೀತಮ್ಮ ಅಕ್ಕಿ ಆರಿಸುತ್ತ ಕುಳಿತವರು ತಲೆ ಎತ್ತದೆ ಕೇಳಿದ್ದರು: "ಕಾರಿತ್ತಲ್ಲ ಮನೇಲಿ. ಮತ್ತೆ ಸ್ಕೂಟರ್ ಯಾಕೆ ತಗೊಂಡು ಹೋದ ಅವನು?" "ಕಾರು ರಿಪೇರಿಲಿತ್ತಮ್ಮ," ಎಂದ ಮಯೂರ್. ಅತ್ತೆ ಒಂದು ಕಲ್ಲನ್ನು ತೆಗೆದು ಪಕ್ಕಕ್ಕಿಟ್ಟರು. ಮಾತು ಅಲ್ಲಿಗೆ ಮುಗಿಯಿತು. ಕಾರು ರಿಪೇರಿಯಲ್ಲಿರಲಿಲ್ಲ. ತಾನು ಹೇಳಿ ಬಿಚ್ಚಿಸಿದ್ದು ಅದು. ಈ ಮಾತನ್ನು ಯಾರಿಗಾದರೂ ಒಬ್ಬರಿಗೆ, ಒಂದು ಸಲ, ಬಾಯಿಬಿಟ್ಟು ಹೇಳದೆ ಹೋದರೆ ತಾನು ಮುಂದಕ್ಕೆ ಏನು ಮಾಡಿದರೂ ಅದು ಕದ್ದದ್ದಾಗುತ್ತದೆ ಎಂದು ಚಿನ್ಮಯಿಗೆ ಅನ್ನಿಸುತ್ತಿತ್ತು.

ಎದ್ದು ನಾಲ್ಕು ಪ್ಯಾಕೆಟ್ ಹಾಲನ್ನು ಎದುರುಮನೆಯ ತಾರಾಬೆನ್‌ಗೆ ಕೊಟ್ಟಳು. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು, ಬಚ್ಚಲಲ್ಲಿ ಒಗೆಯಲು ಹಾಕಿದ್ದ ಅವನ ಹಳೆಯ ಅಂಗಿಯೊಂದನ್ನು ತೊಟ್ಟು, ಬಾಲ್ಕನಿಯ ಮೂಲೆಯಿಂದ ಆ ಯಂತ್ರವನ್ನು ಎತ್ತಿಕೊಂಡು ಕೆಳಗೆ ಹೋದಳು.

ಹೀಟ್ ಗನ್ ಎನ್ನುತ್ತಾರೆ ಅದಕ್ಕೆ. ತಲೆಕೂದಲು ಒಣಗಿಸುವ ಯಂತ್ರದ ಹಾಗೇ ಇದೆ, ಬಿಸಿ ಮಾತ್ರ ನೂರು ಪಾಲು. ಅದರ ಹಿಡಿಕೆಗೆ ಕೆಂಪು ಇನ್ಸುಲೇಷನ್ ಟೇಪು ಸುತ್ತಿ, ಟೇಪಿನ ಮೇಲೆ ಬಿಳಿ ಬಣ್ಣದಲ್ಲಿ 'ಅನಂತರಾಮ' ಎಂದು ಕನ್ನಡದಲ್ಲಿ ಬರೆದಿತ್ತು. ವಡೋದರಾದ ಅನಂತರಾಮರು ಗುರುಕಿರಣನ ಮೊದಲ ಕೆಲಸದಲ್ಲಿ ಮೇಲಧಿಕಾರಿಯಾಗಿದ್ದವರು. ತಮ್ಮ ಸಾಮಾನುಗಳಿಗೆಲ್ಲ ಕನ್ನಡದಲ್ಲೇ ಹೆಸರು ಬರೆಯುತ್ತಾರಂತೆ. ಇಲ್ಲಿ ಯಾರಿಗೂ ಓದಲು ಬಾರದು, ಏನೋ ಮಂತ್ರವಿರಬೇಕೆಂದು ಹೆದರಿ ಕದಿಯುವುದಿಲ್ಲ ಎಂದು ಕಿರಣ್ ಹೇಳಿ ನಕ್ಕಿದ್ದ. ಕಿರಣ್ ಹೋದ ದಿನ ಅವರೂ ಬಂದಿದ್ದರು. ಒಳಗೆ ಬರಲಿಲ್ಲ. ಕೆಳಗೆ ಪಾರ್ಕಿಂಗಿನಲ್ಲಿ, ಸೀಟುಗಳಿಲ್ಲದ ಕಾರಿನ ಕಿಟಕಿಗೆ ಅಂಗೈ ಅಡ್ಡ ಹಿಡಿದು ಬಹಳ ಹೊತ್ತು ಒಳಗೆ ಇಣುಕಿ ನೋಡಿ, ಯಾರೊಡನೆಯೂ ಮಾತಾಡದೆ ಹೋಗಿಬಿಟ್ಟಿದ್ದರು. ಮೇಲಿನ ಕಿಟಕಿಯಿಂದ ನೋಡುತ್ತಿದ್ದ ಚಿನ್ಮಯಿಗೆ, ತಮ್ಮ ಯಂತ್ರವನ್ನು ಹುಡುಕುತ್ತಿದ್ದಾರೆ ಪಾಪ, ಕೇಳಲು ಸಂಕೋಚ ಎಂದು ಹೊಳೆದಿತ್ತು. ಅಂಥ ಹೊತ್ತಿನಲ್ಲೂ ತನ್ನ ಮನಸ್ಸು ಇನ್ನೊಬ್ಬರ ಸಣ್ಣತನವನ್ನು ಇಷ್ಟು ಚುರುಕಾಗಿ ಕಂಡುಹಿಡಿದದ್ದಕ್ಕೆ ಆಗಲೂ ಆಶ್ಚರ್ಯವಾಗಿತ್ತು.

ಕಾರಿನ ಬಾಗಿಲು ತೆಗೆದಾಗ ವಾಸನೆ ಮುಖಕ್ಕೆ ಹೊಡೆಯಿತು. ಹೊಸದಾಗಿ ಹಾಕಿದ ರಸ್ತೆಯ ವಾಸನೆ. ಏಪ್ರಿಲ್ ಕೊನೆಯ ಬಿಸಿಲಿಗೆ ಬೆಂದು ಇನ್ನಷ್ಟು ದಪ್ಪಗಾಗಿತ್ತು. ನೆಲದ ಕಾರ್ಪೆಟ್ಟು ಸುತ್ತಿ ಡಿಕ್ಕಿಯಲ್ಲಿಟ್ಟಿತ್ತು. ಚಾಲಕನ ಕಡೆಯ ನೆಲವನ್ನು ಅವನು ಕೆರೆದು ಮುಗಿಸಿದ್ದ. ಉಳಿದ ಕಡೆಯೆಲ್ಲ ಬೆಳ್ಳಿಯ ಬಣ್ಣದ ತೆಳು ಹಾಳೆಯ ಅಡಿಯಲ್ಲಿ ಕರಿಯ ಡಾಂಬರು, ತಗಡಿಗೆ ಕಚ್ಚಿಕೊಂಡು ಹಾಗೇ ಇತ್ತು. ಎಲ್ಲಿ ನಿಲ್ಲಿಸಿದ್ದನೆಂದು ಗೊತ್ತಾಗುತ್ತಿತ್ತು. ಗೇರಿನ ಪಕ್ಕದಲ್ಲಿ ಅರ್ಧ ಎದ್ದ ಒಂದು ಪಟ್ಟಿ ಮಡಚಿ ನಿಂತಿತ್ತು, ಓದುತ್ತಿದ್ದ ಪುಸ್ತಕದಲ್ಲಿ ಹಾಳೆಯ ತುದಿ ಮಡಚಿಟ್ಟ ಹಾಗೆ.

ವಾಚ್‌ಮನ್ನಿನ ಗೂಡಿನಿಂದ ವಯರು ಎಳೆದು ಯಂತ್ರವನ್ನು ಹಚ್ಚಿದಳು. ಅದು ಕಿರುಚಿತು. ಬಿಸಿಗಾಳಿಗೆ ಪಟ್ಟಿ ಮೆತ್ತಗಾಗಿ, ಗೋಡೆ ಕೆರೆಯುವ ತಗಡಿನ ಅಲಗಿಗೆ ಅಂಟಿ, ಎಳೆದಷ್ಟೂ ಎಳೆಯಾಗಿ ಬಂತು. ಅಲಗಿನಿಂದ ಕೈಗೆ, ಕೈಯಿಂದ ಅಂಗಿಗೆ. ಅರ್ಧ ಗಂಟೆಯಲ್ಲಿ ಒಂದು ಅಂಗೈಯಷ್ಟು ಜಾಗ ತೆರವಾಯಿತು. ಇಷ್ಟು ಕಷ್ಟದ ಕೆಲಸವೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಮಾಡು ಎನ್ನುತ್ತಿದ್ದಳೇ? ಎನ್ನುತ್ತಿದ್ದಳು. ಅವಳಿಗೆ ತನ್ನ ಪರಿಚಯವಿತ್ತು.

ಅವಳದು ಕೇಳುವ ಕೆಲಸ. ವಡೋದರಾದ ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನ ಓದಿದವಳು, ಈಗ ಸಂಶೋಧನೆಯವರು ಹಳ್ಳಿಗಳಲ್ಲಿ ಧ್ವನಿಮುದ್ರಿಸಿ ತಂದ ಮಾತುಗಳನ್ನು ಮನೆಯಲ್ಲಿ ಕುಳಿತು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬರಹಕ್ಕಿಳಿಸುತ್ತಾಳೆ. ಎಮ್ಮೆಯ ಕೂಗು, ಕುಕ್ಕರಿನ ಸೀಟಿ, ಯಾರದೋ ಕೆಮ್ಮು, ಇವುಗಳ ಹಿಂದೆ ಒಬ್ಬ ಹೆಂಗಸು ತನ್ನ ಬಾಣಂತನದ ಬಗ್ಗೆ ಹೇಳುತ್ತಿರುತ್ತಾಳೆ. ಎಷ್ಟು ಸಲ ಹಿಂದಕ್ಕೆ ತಿರುಗಿಸಿ ಕೇಳಿದರೂ ತಿಳಿಯದ ಕಡೆ ಆವರಣ ಚಿಹ್ನೆಯಲ್ಲಿ 'ಕೇಳಿಸುತ್ತಿಲ್ಲ' ಎಂದು ಬರೆಯಬೇಕು. ದಿನವಿಡೀ ಹೀಗೆ ಕೇಳಿ ದಣಿದ ಕಿವಿಗೆ ಸಂಜೆ ಗಂಡನ ಮಾತು ಬೇಡವಾಗಿರುತ್ತಿತ್ತು. ಅವನು ಮಾತಿನ ಮನುಷ್ಯ. ನರೋಡಾದ ಪಂಪ್ ಫ್ಯಾಕ್ಟರಿಯಲ್ಲಿ ದಿನವಿಡೀ ಸದ್ದಿನ ನಡುವೆ ಕೂಗಿ ಕೂಗಿ ಅವನ ದನಿಯೇ ಒಂದು ಸ್ಥಾಯಿ ಮೇಲೆ ನಿಂತಿತ್ತು. ಕಳೆದ ಡಿಸೆಂಬರಿನಲ್ಲಿ ವಡೋದರಾಕ್ಕೆ ಹೋಗುವಾಗ ಎಕ್ಸ್‌ಪ್ರೆಸ್ ರಸ್ತೆಯಲ್ಲಿ ಅವನು ಏನನ್ನೋ ಮೂರು ಸಲ ಹೇಳಿದ. ಮೂರು ಸಲವೂ ಅವಳು "ಏನು?" ಎಂದಳು. ನಾಲ್ಕನೆಯ ಸಲ ಅವನು ಬಾಯಿ ತೆರೆದಾಗ, "ಬಿಡು ಕಿರಣ್, ಈ ಡಬ್ಬದಲ್ಲಿ ನಿನ್ನ ಮಾತು ಒಂದೂ ಕೇಳಲ್ಲ," ಎಂದಳು. ಮನೆಯಲ್ಲಿ ಇಬ್ಬರೇ ಇದ್ದಾಗ ಅವನನ್ನು ನೀನು ಎನ್ನುತ್ತಿದ್ದಳು, ಅತ್ತೆಯ ಎದುರು ನೀವು. ಕಾರು ಹಳೆಯದು, ನಿಜವಾಗಿಯೂ ಡಬ್ಬವೇ. ಆದರೆ ಅವಳು ಹೇಳಿದ್ದು ಕಾರಿನ ಬಗ್ಗೆ ಅಲ್ಲವೆಂದು ಅವನಿಗೆ ತಿಳಿಯಲಿಲ್ಲ. ಅಥವಾ ತಿಳಿದೂ, ಕಾರಿನ ಬಗ್ಗೆಯೇ ಎಂದುಕೊಳ್ಳುವುದು ಸುಲಭವಾಯಿತು.

ಜನವರಿಯ ಮೂರು ಭಾನುವಾರ ಅವನು ಈ ನೆಲದ ಮೇಲೆ ಮಂಡಿಯೂರಿದ್ದ. ಸದ್ದಡಗಿಸುವ ಹಾಳೆ ಎಂದ. ತಗಡು ಅದುರಿದರೆ ಸದ್ದು, ಮೇಲೊಂದು ಭಾರದ ಹಾಳೆ ಅಂಟಿಸಿದರೆ ಅದುರುವುದಿಲ್ಲ, ಅಷ್ಟೇ ವಿಜ್ಞಾನ ಎಂದ. ಎರಡನೆಯ ಭಾನುವಾರ ಅಡುಗೆಮನೆಯಲ್ಲಿ ಲಟ್ಟಣಿಗೆ ಕಾಣಲಿಲ್ಲ. ಕೆಳಗೆ ಬಂದು ನೋಡಿದರೆ ಅವನು ಅದರಿಂದ ಕಾರಿನ ಬಾಗಿಲಿನೊಳಗೆ ಚಪಾತಿ ಒತ್ತುತ್ತಿದ್ದ. "ರೋಲರ್ ತರ್ಬೇಕಿತ್ತು, ಮರೆತೆ," ಎಂದ. "ತೊಳ್ದು ಕೊಡ್ತೀನಿ." ಎರಡು ದಿನ ತೊಳೆದರೂ ಡಾಂಬರು ಹೋಗಲಿಲ್ಲ. ಅವಳು ಎರಡು ದಿನ ಮಾತಾಡಲಿಲ್ಲ. ಈಗ ಆ ಬೆಳ್ಳಿ ಹಾಳೆಯ ಮೇಲೆಲ್ಲ ಲಟ್ಟಣಿಗೆ ಉರುಳಿದ ಗೆರೆಗಳು ಹತ್ತಿರ ಹತ್ತಿರ, ಎಲ್ಲೂ ಗಾಳಿ ಉಳಿಯದ ಹಾಗೆ, ಸಮನಾಗಿ ಹಾದುಹೋಗಿದ್ದವು. ಅಷ್ಟು ಒಪ್ಪವಾಗಿ ಅವಳು ಒಂದು ಚಪಾತಿಯನ್ನೂ ಲಟ್ಟಿಸಿದವಳಲ್ಲ.

"ಅರೆ ಬೇಟಾ, ಈ ಬಿಸಿಲಲ್ಲಿ ಏನು ಮಾಡುತ್ತಿದ್ದೀಯ?" ತಾರಾಬೆನ್ ಹಾಲಿನ ಖಾಲಿ ಚೀಲ ವಾಪಸು ಕೊಡಲು ಮಹಡಿ ಇಳಿದು ಬಂದಿದ್ದರು. ಅವರ ಗುಜರಾತಿಗೆ ಚಿನ್ಮಯಿ ಹಿಂದಿಯಲ್ಲಿ ಉತ್ತರಿಸುವುದು ನಾಲ್ಕು ವರ್ಷದ ಪದ್ಧತಿ. ಹದಿನಾಲ್ಕನೆಯ ದಿನ ಗಂಡನ ಅಂಗಿ ತೊಟ್ಟು ಕಾರಿನೊಳಗೆ ಬೋರಲು ಬಿದ್ದ ಹೆಂಗಸನ್ನು ಕಂಡು ತಾರಾಬೆನ್ ಇನ್ನೇನನ್ನೋ ಹೇಳುತ್ತಾರೆಂದು ಅವಳು ಕಾದಳು. ಅವರು ಬಗ್ಗಿ ಡಾಂಬರನ್ನು ಉಗುರಿನಿಂದ ಒತ್ತಿ ನೋಡಿದರು. "ಬಿಸಿ ಮಾಡಿದರೆ ಇದು ಹಲ್ವ ಆಗುತ್ತದೆ. ತಣ್ಣಗೆ ಮಾಡು, ಚಿಕ್ಕಿಯ ಹಾಗೆ ಮುರಿಯುತ್ತದೆ." ಮನೆಯಲ್ಲೇ ಐಸ್‌ಕ್ರೀಮ್ ತಿರುಗಿಸುವ ಹಳೆಯ ಮರದ ಪೀಪಾಯಿ ಅವರಲ್ಲಿತ್ತು. ಬೇಸಿಗೆಯ ಪ್ರತಿ ಹುಣ್ಣಿಮೆಗೆ ಮಾವಿನ ಐಸ್‌ಕ್ರೀಮ್ ಮಾಡಿ ಇಡೀ ಕಟ್ಟಡಕ್ಕೆ ಹಂಚುವವರು. ಸ್ಟೇಷನ್ನಿನ ಬಳಿಯಿಂದ ಬರಫು, ಅಂದರೆ ಮಂಜುಗಡ್ಡೆ, ತರಿಸು, ಪುಡಿ ಮಾಡು, ಕಲ್ಲುಪ್ಪು ಬೆರೆಸು, ಬರಿಯ ಬರಫಿಗೆ ಅಷ್ಟು ಶಕ್ತಿಯಿಲ್ಲ ಎಂದರು. ಮೂರು ಭಾಗಕ್ಕೆ ಒಂದು ಭಾಗ. "ಆಮೇಲೆ ನೀರು ಹಾಕಿ ಚೆನ್ನಾಗಿ ತೊಳೆ, ಉಪ್ಪು ತಗಡನ್ನು ತಿನ್ನುತ್ತದೆ." ಹೋಗುತ್ತ ತಿರುಗಿ, "ನಿನ್ನ ಮನೆಯವನಿಗೂ ಹೇಳಬೇಕೆಂದುಕೊಂಡಿದ್ದೆ ಆ ದಿನ," ಎಂದು ನಿಲ್ಲಿಸಿದರು. "ಗಂಡಸರಿಗೆ ಐಸ್‌ಕ್ರೀಮಿನ ವಿಷಯ ಹೇಳಿದರೆ ನಗುತ್ತಾರೆ ಅಂತ ಸುಮ್ಮನಾದೆ."

ಹಾಗೆ ಐದು ದಿನ. ಬೆಳಗಾದರೆ ಸೈಕಲ್ಲಿನಲ್ಲಿ ಗೋಣಿಚೀಲ ಸುತ್ತಿದ ಬರಫಿನ ಗಡ್ಡೆ ಬರುತ್ತಿತ್ತು. ಉಪ್ಪು ಬೆರೆತ ಪುಡಿಯನ್ನು ನೆಲದ ಮೇಲೆ ಹರವಿ, ಮೇಲೆ ಗೋಣಿ ಮುಚ್ಚಿ, ಕಾಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಒಂದು ಸಣ್ಣ ಸದ್ದು, ಯಾರೋ ಬೆರಳು ನೆಟಿಗೆ ಮುರಿದ ಹಾಗೆ. ಆಮೇಲೆ ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ತುಂಡು ತುಂಡಾಗಿ, ಚೊಕ್ಕಟವಾಗಿ ಎದ್ದು ಬರುತ್ತಿತ್ತು. ಬರಫು ನಿಲ್ಲದ ಬಾಗಿಲುಗಳಿಗೆ ಮಾತ್ರ ಆ ಕಿರುಚುವ ಯಂತ್ರ. ಕೆರೆದ ಮೇಲೆ ಉಳಿದ ಕಲೆಗೆ ಸೀಮೆಎಣ್ಣೆಯ ಬಟ್ಟೆ. ಕೆಲಸ ಮಾಡುವಾಗ ಯೋಚನೆ ಬರುತ್ತಿರಲಿಲ್ಲ ಎಂದರೆ ಸುಳ್ಳು. ಬರುತ್ತಿತ್ತು. ಆದರೆ ಅದಕ್ಕೂ ಕೈಗೂ ಸಂಬಂಧವಿರುತ್ತಿರಲಿಲ್ಲ. ಬುಧವಾರ, ಪಕ್ಕದ ಸೀಟಿನ ಹಳಿಯ ಕೆಳಗೆ, ಲಟ್ಟಣಿಗೆ ಹೋಗದ ಇಕ್ಕಟ್ಟಿನಲ್ಲಿ, ಅವನು ಬೆರಳಿನಿಂದ ಒತ್ತಿದ್ದ ಜಾಗ ಸಿಕ್ಕಿತು. ಅವಳ ಕಾಲು ಇರುತ್ತಿದ್ದ ಜಾಗ. ಬೆಳ್ಳಿ ಹಾಳೆಯಲ್ಲಿ ಹೆಬ್ಬೆರಳಿನ ಗುರುತು, ಗೆರೆಗಳ ಸಮೇತ, ಸಾಲಾಗಿ ಆರು. ಅದರ ಮೇಲೆ ಬರಫು ಹರವಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಇಟ್ಟುಕೊಳ್ಳಬಹುದಿತ್ತು, ಕತ್ತರಿಸಿ ತೆಗೆದು. ಇಟ್ಟುಕೊಂಡು ಎಲ್ಲಿ ಇಡುವುದು, ಯಾರಿಗೆ ತೋರಿಸುವುದು. ಹರವಿದಳು. ಮೂರನೆಯ ಗುರುತಿನ ನಡುವೆ ಬಿರುಕು ಬಿಟ್ಟು ಎದ್ದು ಬಂತು.

ಚಳಿಗಾಲದಲ್ಲಿ ಆ ಹಾಳೆ ಯಾವ ತೊಂದರೆಯನ್ನೂ ಕೊಟ್ಟಿರಲಿಲ್ಲ. ಮಾರ್ಚ್ ಕೊನೆಗೆ ಬಿಸಿಲೇರಿದಾಗ ಕಾರಿನೊಳಗೆ ವಾಸನೆ ಶುರುವಾಯಿತು. ಏಪ್ರಿಲ್‌ನಲ್ಲಿ ಬಾಗಿಲ ಸಂದಿಯಿಂದ ಕರಿಯ ಹನಿಯೊಂದು ಅವಳ ತಿಳಿಹಳದಿ ಚೂಡಿದಾರದ ಮೇಲೆ ಇಳಿಯಿತು. ಆಗ ಗೊತ್ತಾಯಿತು, ಅದು ಕಾರಿನ ಹಾಳೆಯೇ ಅಲ್ಲ, ಮಳೆನೀರು ಸೋರದಂತೆ ತಾರಸಿಗೆ ಅಂಟಿಸುವ ಡಾಂಬರಿನ ಶೀಟು. "ಎರಡೂ ಒಂದೇ ಮಾಲು," ಎಂದ ಅವನು. "ಕಾಲು ಭಾಗ ಬೆಲೆ." ಯಾರ ಐಡಿಯಾ ಇದು ಎಂದು ಕೇಳಿದಾಗ, ನನ್ನದೇ ಎಂದು ಎದೆ ಮುಟ್ಟಿ ಹೇಳಿದ್ದ. ಆಮೇಲೆ ಮನೆಯಲ್ಲಿ ಏನು ಕೆಟ್ಟರೂ ಅವಳು "ನಿನ್ನ ಐಡಿಯಾ ಇರ್ಬೇಕು" ಎನ್ನತೊಡಗಿದಳು. ಮೊದಮೊದಲು ಅವನೂ ನಗುತ್ತಿದ್ದ. ಕೊನೆಗೆ ಒಂದು ದಿನ, ಕೆಲಸ ಮುಗಿಸಿ ಬಂದು ಶೂ ಬಿಚ್ಚುತ್ತಿದ್ದವನಿಗೆ ಅವಳು ಹೇಳಿದಳು, "ಅದನ್ನ ಪೂರ್ತಿ ತೆಗೆಯೋವರೆಗೂ ನಾನು ಆ ಕಾರಲ್ಲಿ ಕಾಲಿಡಲ್ಲ." ಅವನು ಒಂದು ಶೂ ಹಾಕಿಕೊಂಡೇ ಸ್ವಲ್ಪ ಹೊತ್ತು ಕುಳಿತಿದ್ದ. ಮುಂದಿನ ಶನಿವಾರ ರೈಲಿನಲ್ಲಿ ವಡೋದರಾಕ್ಕೆ ಹೋಗಿ ಯಂತ್ರ ತಂದ. ಭಾನುವಾರ ಸೀಟು ಬಿಚ್ಚಿದ. ಸೋಮವಾರ ಬೆಳಿಗ್ಗೆ ಅವಳು ಹೆಡ್‌ಫೋನ್ ಹಾಕಿಕೊಂಡು ಕುಳಿತಿದ್ದಾಗ ಹಿಂದಿನಿಂದ ಬಂದು ಒಂದು ಕಿವಿಯದನ್ನು ಮೆಲ್ಲಗೆ ಎತ್ತಿದ. "ಮುಟ್ಬೇಡ, ಕೈಯೆಲ್ಲ ಡಾಂಬರು," ಎಂದು ಅವಳು ಅದನ್ನು ಮತ್ತೆ ಕಿವಿಗೆ ಒತ್ತಿಕೊಂಡಳು. ಬಾಗಿಲ ಬಳಿ ಅವನು ಹೆಲ್ಮೆಟ್ ಹಿಡಿದು ಏನೋ ಹೇಳಿದ. ತುಟಿ ಅಲುಗಿದ್ದು ಕಂಡಿತು. ಹೂಂ ಎಂದಳು. ಓಢವ್ ಕೂಡುರಸ್ತೆಯಲ್ಲಿ ಟೆಂಪೊ ತಗುಲಿದ್ದು ಒಂಬತ್ತೂ ಕಾಲಿಗೆ. ಒಂಬತ್ತೂ ಕಾಲಿಗೆ ತಾನು ಯಾವ ವಾಕ್ಯ ಟೈಪು ಮಾಡುತ್ತಿದ್ದೆನೆಂದು ಆಮೇಲೆ ಫೈಲು ತೆರೆದು ನೋಡಿದ್ದಳು. ಒಬ್ಬ ಮುದುಕಿ ತನ್ನ ಎಮ್ಮೆಯ ಹೆಸರು ಹೇಳುತ್ತಿದ್ದಳು.

ಗುರುವಾರ ನೆಲದ ರಬ್ಬರ್ ಬಿರಡೆಗಳನ್ನು ಕಿತ್ತು ಬಕೆಟ್ಟುಗಟ್ಟಲೆ ನೀರು ಸುರಿದು ಉಪ್ಪು ತೊಳೆದಳು. ಶುಕ್ರವಾರ ವಾಚ್‌ಮನ್ ಮತ್ತು ತಾರಾಬೆನ್‌ರ ಮಗ ಸೇರಿ ಸೀಟುಗಳನ್ನು ಇಳಿಸಿ ಕೂರಿಸಿಕೊಟ್ಟರು. ಕಾರ್ಪೆಟ್ಟು ಹಾಕಲಿಲ್ಲ. ಬ್ಯಾಟರಿಗೆ ಇನ್ನೊಂದು ಕಾರಿನಿಂದ ಜೀವ ತುಂಬಬೇಕಾಯಿತು. ಯಂತ್ರವನ್ನು ಒರೆಸಿ, ಅವಳು ಯಾವಾಗಲೂ ಕೂರುತ್ತಿದ್ದ ಪಕ್ಕದ ಸೀಟಿನ ಮೇಲಿಟ್ಟು, ಬೀಳದಿರಲಿ ಎಂದು ಬೆಲ್ಟು ಹಾಕಿದಳು. ಅನಂತರಾಮರಿಗೆ ಫೋನು ಮಾಡಿ ಬರುತ್ತೇನೆಂದಷ್ಟೇ ಹೇಳಿದಳು. "ಬಾ," ಎಂದರು ಅವರು. ಹೇಳುವುದಾದರೆ ಇವರಿಗೇ ಹೇಳಬೇಕು ಎಂದು ಅವಳು ನಿಶ್ಚಯಿಸಿದ್ದಳು. ನೆಂಟರಲ್ಲ, ಅತ್ತು ಅಪ್ಪಿಕೊಳ್ಳುವವರಲ್ಲ. ಯಂತ್ರವನ್ನು ಯಾಕೆ ಎರವಲು ಪಡೆದದ್ದೆಂದು ವಿವರಿಸುವ ನೆಪದಲ್ಲಿ ಹೇಳಿಬಿಡಬಹುದು.

ಎಕ್ಸ್‌ಪ್ರೆಸ್ ರಸ್ತೆಗೆ ಏರಿ ಎಂಬತ್ತು ಮುಟ್ಟುತ್ತಿದ್ದಂತೆ ಬರಿಯ ತಗಡು ಬಾಯಿಬಿಟ್ಟಿತು. ಟೈರಿನ ಸದ್ದು, ಕಲ್ಲು ಸಿಡಿಯುವ ಸದ್ದು, ಗಾಳಿ, ಯಾವುದೋ ಸಡಿಲ ನಟ್ಟು, ಎಲ್ಲವೂ ಕಾಲಿನಡಿಯಿಂದ ಎದ್ದು ಹಲ್ಲಿನವರೆಗೆ ಬಂದವು. ಹಿಂದೆ ಇಷ್ಟು ಸದ್ದಿತ್ತೇ? ಇದ್ದಿರಲೇಬೇಕು. ಹಾಗಾದರೆ ನಡುವಿನ ಎರಡು ತಿಂಗಳು, ಜನವರಿ ಕೊನೆಯಿಂದ ಮಾರ್ಚ್‌ವರೆಗೆ, ಅದೆಲ್ಲಿ ಹೋಗಿತ್ತು? ಹಾಳೆ ಹಾಕಿ ಮುಗಿಸಿದ ಮೊದಲ ಭಾನುವಾರ ಇದೇ ರಸ್ತೆಯಲ್ಲಿ ಅವನು ಕೇಳಿದ್ದ, "ಹೇಗಿದೆ?" ಅವಳು ಕಿಟಕಿಯಾಚೆ ನೋಡುತ್ತ, "ಏನೂ ವ್ಯತ್ಯಾಸ ಕಾಣಲ್ಲ," ಎಂದಿದ್ದಳು. ಲಟ್ಟಣಿಗೆಯ ಕೋಪ ಇನ್ನೂ ಆರಿರಲಿಲ್ಲ. ಆದರೆ ಆ ದಿನ ಕಾರಿನೊಳಗೆ ಎಷ್ಟು ನಿಶ್ಶಬ್ದವಿತ್ತೆಂದರೆ, ನಾಲ್ಕು ವರ್ಷದ ಸಂಸಾರದಲ್ಲಿ ಮೊದಲ ಸಲ, ಗೇರು ಬದಲಿಸುವಾಗಲೆಲ್ಲ ಅವನು ಮೂಗಿನಲ್ಲಿ ಸಣ್ಣಗೆ ಒಂದು 'ಹ್ಞೂಂ' ಎನ್ನುತ್ತಾನೆ ಎಂದು ಅವಳಿಗೆ ಗೊತ್ತಾಗಿತ್ತು. ಗೇರಿನ ಅಪ್ಪಣೆ ಕೇಳುವ ಹಾಗೆ. ನಡಿಯಾದ್ ದಾಟುವವರೆಗೆ ಅದನ್ನೇ ಕೇಳುತ್ತ ಕುಳಿತಿದ್ದಳು. ಹೇಳಲಿಲ್ಲ. ಹೇಳಿದರೆ ಅವನು ಗೆದ್ದ ಹಾಗೆ.

ವಡೋದರಾದಲ್ಲಿ ಹೇಳಬೇಕಾದ ವಾಕ್ಯವನ್ನು ಈಗಲೇ ಒಮ್ಮೆ ಹೇಳಿ ನೋಡೋಣವೆಂದು ಗಟ್ಟಿಯಾಗಿ ಬಾಯಿ ತೆರೆದಳು. "ನಾನು ಹೇಳಿದ್ದಕ್ಕೇ ಅವನು ಕಾರು ಬಿಚ್ಚಿದ್ದು." ಅವಳಿಗೇ ಕೇಳಲಿಲ್ಲ. ಇನ್ನೂ ಗಟ್ಟಿಯಾಗಿ ಹೇಳಿದಳು. ಕೂಗಿದಳು. ಗಂಟಲು ಅದುರಿದ್ದು ತಿಳಿಯುತ್ತಿತ್ತು, ದನಿ ಮಾತ್ರ ತಗಡಿನ ಸದ್ದಿನೊಳಗೆ ಎಲ್ಲೋ ಸೇರಿಹೋಗುತ್ತಿತ್ತು. ಆಣಂದ್‌ನ ತಿರುವು ಬರುವ ಹೊತ್ತಿಗೆ ಅವಳು ಕೂಗುತ್ತಿದ್ದುದರಲ್ಲಿ ವಾಕ್ಯವೇನೂ ಉಳಿದಿರಲಿಲ್ಲ. ಪಕ್ಕದಲ್ಲಿ ಹಾದುಹೋದ ಬಸ್ಸಿನ ಕಿಟಕಿಯಿಂದ ಒಂದು ಮಗು ಅವಳ ತೆರೆದ ಬಾಯನ್ನು ನೋಡಿ, ಹಾಡುತ್ತಿದ್ದಾಳೆ ಎಂದುಕೊಂಡು, ಚಪ್ಪಾಳೆ ತಟ್ಟಿತು.

ಅನಂತರಾಮರ ಹೆಂಡತಿ ಇಂದುಮತಿ ಗೇಟಿನಲ್ಲೇ ನಿಂತಿದ್ದರು. ಧಾರವಾಡ ಬಿಟ್ಟು ಮೂವತ್ತು ವರ್ಷವಾದರೂ ಮಾತು ಅಲ್ಲಿಯದೇ. "ಬಾ ತಂಗಿ, ಒಳಗ ಬಾ. ಈ ಬಿಸಲಾಗ ಒಬ್ಬಾಕೀನ ಗಾಡಿ ಹೊಡಕೊಂಡು ಬಂದೀಯೇನು? ಕಾರೋ ಗಿರಣಿಯೋ ಇದು, ಮೂಲಿ ತಿರುಗೂಮುಂದ ಕೇಳಸ್ತು." ಆಮೇಲೆ ಒಳಗೆ ಕೂಗಿದರು, "ಏನ್ರೀ, ಬರ್ರಿ ಈಚೆ, ಗುರುಕಿರಣನ ಮನಿಯಾಕಿ ಬಂದಾಳ."

ಅನಂತರಾಮರು ನಡುಮನೆಗೆ ಬಂದರು. ಅವಳು ಯಂತ್ರವನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಮಾಡಿದಳು. ಅವರು ಅದನ್ನು ತೆಗೆದುಕೊಳ್ಳಲಿಲ್ಲ. ಅದರ ಮೇಲಿನ ತಮ್ಮ ಹೆಸರನ್ನು ನೋಡುತ್ತ ನಿಂತರು. ಚಿನ್ಮಯಿ ವಾಕ್ಯವನ್ನು ನಾಲಿಗೆಯ ತುದಿಗೆ ತಂದುಕೊಂಡಳು. "ಸರ್, ನಿಮಗೊಂದು ಮಾತು—"

"ಗೊತ್ತದ," ಎಂದರು ಅವರು. "ನೀ ಯಾಕ ಬಂದೀ ಅಂತ ಗೊತ್ತದ. ಬೈಲಿಕ್ಕೆ ಬಂದೀ. ಬೈ ತಂಗಿ. ಆ ತಾರಸಿ ಶೀಟ್ ಹಾಕು ಅಂತ ಹೇಳಿದಾಂವ ನಾನು. 'ಎರಡೂ ಒಂದ ಮಾಲು, ಸುಮ್ಮ ಯಾಕ ರೊಕ್ಕ ಚೆಲ್ಲತಿ' ಅಂದೆ. ನಾ ಹೇಳದಿದ್ರ ಅಂವ ಹಾಕ್ತಿದ್ದಿಲ್ಲ. ಹಾಕದಿದ್ರ ತಗೀಬೇಕಾಗ್ತಿದ್ದಿಲ್ಲ. ತಗೀಲಾರದಿದ್ರ ಆ ಸೋಮಾರ ಕಾರ್ ತಗೊಂಡು ಹೋಗ್ತಿದ್ದ. ಮ್ಯಾಲ ಈ ಮಷೀನೂ ನಾನ ಕೊಟ್ಟೆ." ಅವರ ದನಿ ಒಂದೇ ಸಮನೆ ಇತ್ತು. ಎಷ್ಟೋ ಸಲ ಒಬ್ಬರೇ ಹೇಳಿಕೊಂಡು ಸವೆದ ಮಾತು. "ಆ ದಿನ ನಿಮ್ಮ ಮನೀತನಕ ಬಂದೆ. ಆ ಕಾರ್ ನೋಡಿ, ಮ್ಯಾಲ ಹತ್ತಿ ಬರಲಿಕ್ಕೆ ಕಾಲು ಏಳಲಿಲ್ಲ."

ಆ ಮಾತು ಒಂದೊಂದೂ ಅವಳದೇ ಮೆಟ್ಟಿಲು. ಅದೇ ಕ್ರಮದಲ್ಲಿ, ಹದಿಮೂರು ದಿನವೂ ಅವಳು ಹತ್ತಿ ಇಳಿದದ್ದು. ಅವುಗಳ ಮೇಲೆ ಇನ್ನೊಬ್ಬರು ನಿಂತಿರಬಹುದೆಂದು ಅವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಅವರು ಕಿಟಕಿಗೆ ಅಂಗೈ ಹಿಡಿದು ಇಣುಕಿದ್ದು, ತಾನು ಮೇಲಿನಿಂದ ಅದಕ್ಕೆ ಕೊಟ್ಟ ಅರ್ಥ, ಎರಡೂ ಒಟ್ಟಿಗೆ ನೆನಪಾಗಿ ಮುಖ ಬಿಸಿಯಾಯಿತು. ನಿಮ್ಮ ತಪ್ಪಲ್ಲ ಸರ್ ಎನ್ನಬೇಕು ಈಗ. ಯಾರಾದರೂ ಹಾಗೇ ಎನ್ನುತ್ತಾರೆ. ಆದರೆ ಆ ಮಾತನ್ನು ಅವರಿಗೆ ಕೊಟ್ಟರೆ ತನಗೂ ಕೊಟ್ಟುಕೊಂಡ ಹಾಗಾಗುತ್ತದೆ, ಅದಕ್ಕೆ ತಾನಿನ್ನೂ ಸಿದ್ಧಳಿಲ್ಲ. ಕೊಡದಿದ್ದರೆ ಈ ಮನುಷ್ಯ ಹೀಗೇ ನಿಂತಿರುತ್ತಾರೆ.

"ಅವನು ಅದು ತನ್ನದೇ ಐಡಿಯಾ ಅಂದಿದ್ದ," ಎಂದಳು.

ಅನಂತರಾಮರು ತಲೆ ಎತ್ತಿದರು. "ಹಂಗಂದನೇನು?" ಅವರ ತುಟಿ ಒಂದು ಕಡೆ ಎಳೆಯಿತು. "ಕಳ್ಳ."

"ತೆಗಿ ಅಂದಿದ್ದು ನಾನು ಸರ್. ತೆಗೆಯೋವರೆಗೂ ಕಾರಲ್ಲಿ ಕಾಲಿಡಲ್ಲ ಅಂದೆ. ಆ ದಿನ ಬೆಳಿಗ್ಗೆ ಅವನು ಏನೋ ಹೇಳ್ದ. ನಾನು ಕೇಳಿಸ್ಕೊಳ್ಳಲಿಲ್ಲ."

ಹೇಳಿಯಾಗಿತ್ತು. ಏನೂ ಆಗಲಿಲ್ಲ. ಫ್ಯಾನು ತಿರುಗುತ್ತಿತ್ತು. ಇಬ್ಬರನ್ನೂ ನೋಡುತ್ತ ನಿಂತಿದ್ದ ಇಂದುಮತಿ ಎರಡು ಲೋಟ ತಂದು ಮೇಜಿನ ಮೇಲೆ ಕುಕ್ಕಿದರು. "ಕೂಡ್ರಿ. ಇಬ್ರೂ ಮೊದಲು ಮಜ್ಜಿಗಿ ಕುಡೀರಿ. ತಪ್ಪು ಹಂಚಿಕೊಳ್ಳೂದು ಆಮ್ಯಾಲ ಆಗ್ತದ." ಕಣ್ಣು ಒರೆಸಿಕೊಳ್ಳಲು ಅವರು ಅಡುಗೆಮನೆಗೆ ಹೋದರು.

ಮಜ್ಜಿಗೆ ಕುಡಿದ ಮೇಲೆ ಅನಂತರಾಮರು ಯಂತ್ರವನ್ನು ಕೈಗೆ ತೆಗೆದುಕೊಂಡರು. ಕೊಟ್ಟ ಸಾಮಾನು ವಾಪಸು ಬಂದರೆ ತಂದವರ ಎದುರೇ ಒಮ್ಮೆ ನಡೆಸಿ ನೋಡಿ ಒಳಗಿಡುವುದು ಅವರ ಕಾರ್ಖಾನೆಯ ಪದ್ಧತಿ. ಮೂವತ್ತು ವರ್ಷದ ಅಭ್ಯಾಸ, ಕೈ ತಾನಾಗಿ ಗೋಡೆಯ ಪ್ಲಗ್ಗಿಗೆ ಹೋಯಿತು. ಅರ್ಧದಲ್ಲಿ ನಾಚಿ ನಿಂತರು. "ನೋಡಿ ಸರ್," ಎಂದಳು ಅವಳು. ಯಂತ್ರ ಕಿರುಚಿತು. ಅದರ ಬಾಯಿಯಿಂದ ಬಿಸಿಗಾಳಿಯ ಜೊತೆ ಡಾಂಬರಿನ ವಾಸನೆ ಬಂದು ಕೋಣೆಯನ್ನೆಲ್ಲ ತುಂಬಿತು. ಅಂದು ಬೆಳಿಗ್ಗೆ ಅವಳ ಕಿವಿಯ ಬಳಿ ಬಂದಿದ್ದ ಬೆರಳುಗಳ ವಾಸನೆ. ಅವಳು ಮುಖ ತಿರುಗಿಸಲಿಲ್ಲ.

ಅವರು ಗುಂಡಿ ಒತ್ತಿ ನಿಲ್ಲಿಸಿದರು. ಕೋಣೆ ಒಮ್ಮೆಲೇ ಬರಿದಾಯಿತು.

"ಒಂದು ಕೇಳ್ಲೇನು?" ಎಂದರು. "ಸದ್ದು ಕಡಿಮಿ ಆಗಿತ್ತೇನು? ಹಾಕಿದ ಮ್ಯಾಲ? ಮಷೀನು ಒಯ್ಯಲಿಕ್ಕೆ ಬಂದಾಗ ಕೇಳಿದೆ. 'ಗೊತ್ತಿಲ್ಲ ಸರ್, ಅವಳು ಏನೂ ಹೇಳ್ಲಿಲ್ಲ' ಅಂದ."

ಚಿನ್ಮಯಿ ಯಂತ್ರವನ್ನು ಅವರ ಕೈಯಿಂದ ತೆಗೆದುಕೊಂಡು, ವಯರನ್ನು ಪ್ಲಗ್ಗಿನಿಂದ ಕಿತ್ತು, ಮೊಣಕೈಗೆ ಸುತ್ತಿ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿದಳು.

"ಆಗಿತ್ತು ಸರ್," ಎಂದಳು. "ಮೊದಲ ದಿನವೇ. ಅವನು ಗೇರ್ ಹಾಕುವಾಗ ಮೂಗಲ್ಲಿ ಸಣ್ಣಗೆ ಹ್ಞೂಂ ಅಂತಿದ್ದ. ಅದೂ ಕೇಳಿಸ್ತಿತ್ತು."

ಯಂತ್ರವನ್ನು ಅವರ ಕೈಗಿಟ್ಟಳು. "ನೋಡಿ ಹಿಡ್ಕೊಳ್ಳಿ ಸರ್," ಎಂದಳು, "ಮೂತಿ ಇನ್ನೂ ಬಿಸಿ ಇದೆ."